ಏಳು ಸುತ್ತಿನ ತಂತಿ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜನ್ಮದಲ್ಲಿ ಒಂದು ಬೀಡಿಯನ್ನೂ ತುಟಿಗಿಡದ ನಾನು ಸುಮಾರು ಎರಡು ವರ್ಷ ನಮ್ಮ ಮನೆಯ ಊಟದ ಮೇಜಿನ ಮೇಲೆ ಎಲೆಕ್ಟ್ರಾನಿಕ್ ಸಿಗರೇಟು ಬಿಚ್ಚಿ ಜೋಡಿಸುವ ಕೆಲಸ ಮಾಡಿದ್ದೇನೆ. ಸೇದುತ್ತಿದ್ದವರು ನನ್ನ ಯಜಮಾನರು. ರಿಪೇರಿ ಮಾತ್ರ ನನ್ನದು. ಕೂದಲೆಳೆಯಂಥ ತಂತಿಯನ್ನು ಸ್ವೆಟರ್ ಹೆಣೆಯುವ ಕಡ್ಡಿಗೆ ಏಳು ಸುತ್ತು ಸುತ್ತಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಏರಬಾರದು. ಏಳು ಸುತ್ತಿನ ಕೋಟೆ ಕೇಳಿದ್ದೀರಿ, ಏಳು ಸುತ್ತಿನ ಮಲ್ಲಿಗೆ ಮುಡಿದಿದ್ದೀರಿ. ಏಳು ಸುತ್ತಿನ ತಂತಿಯ ಒಡತಿ ಗಂಗಾವತಿಯಲ್ಲಿ ಬಹುಶಃ ನಾನೊಬ್ಬಳೇ ಇದ್ದೆ. ಬಾಗಿಲ ಮುಂದೆ ಮೋಟರ್ ಸೈಕಲ್ ನಿಂತ ಸದ್ದಾದರೆ ಸಾಕು, ಎಲ್ಲದರ ಮೇಲೆ ಮೊರ ಕವುಚಿ ಅಕ್ಕಿ ಆರಿಸುವವಳ ಮುಖ ಮಾಡಿಕೊಂಡು ಕೂರುತ್ತಿದ್ದೆ. ಮೊರ ಕವುಚಿಟ್ಟು ಅಕ್ಕಿ ಆರಿಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ, ಅದು ನನ್ನ ಪುಣ್ಯ.

ಇನ್ನೂ ಒಂದು ಮಾತಿದೆ. ನಾನು ಸರ್ಕಾರಿ ಹೈಸ್ಕೂಲಿನ ವಿಜ್ಞಾನದ ಶಿಕ್ಷಕಿ.

ಚಿಂತೆ ಮಾಡುವುದು ನನಗೆ ಹುಟ್ಟಿನಿಂದ ಬಂದದ್ದು. ನನ್ನ ತವರು ತಾವರಗೇರಾ ಕಡೆ. ಅಲ್ಲಿಯ ಜನ ಬೆಳಿಗ್ಗೆ ಎದ್ದ ಕೂಡಲೇ ಮೋಡ ನೋಡುತ್ತಾರೆ. ಮೋಡವಿಲ್ಲದಿದ್ದರೆ ಇಲ್ಲವಲ್ಲ ಎಂದು ಚಿಂತೆ, ಇದ್ದರೆ ಗಾಳಿ ಎತ್ತಿಕೊಂಡು ಹೋದೀತೆಂದು ಚಿಂತೆ. ಗಂಗಾವತಿಯವರು ಹಾಗಲ್ಲ. ಕಾಲುವೆಯಲ್ಲಿ ನೀರು ಬಂತೆಂದರೆ ಲುಂಗಿ ಎತ್ತಿ ಕಟ್ಟಿ ನಗುತ್ತ ಓಡಾಡುವ ಜನ. ಮದುವೆಯಾಗಿ ಬರುವಾಗ ನಾನು ಈ ನಿಶ್ಚಿಂತೆಯ ಊರಿಗೆ ಚಿಂತೆಯನ್ನೇ ಬಳುವಳಿಯಾಗಿ ತಂದೆ. ಗ್ಯಾಸಿನ ಗುಂಡಿಯನ್ನು ಮೂರು ಸಲ ತಿರುವಿ ನೋಡಿ ಶಾಲೆಗೆ ಹೊರಡುತ್ತೇನೆ. ಕಾರಟಗಿ ಬಸ್ಸು ಊರು ದಾಟಿದ ಮೇಲೆ, ಮೂರನೆಯ ಸಲ ತಿರುವಿದ್ದು ಯಾವ ಕಡೆಗೆ ಎಂದು ಯೋಚನೆ ಹತ್ತುತ್ತದೆ. ನನ್ನ ಯಜಮಾನರು ಬಸವರಾಜ ಇದಕ್ಕೆ ಪೂರ್ತಿ ವಿರುದ್ಧ. ರೈಸ್ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ದಿನವೆಲ್ಲ ತೌಡಿನ ಧೂಳಿನಲ್ಲಿ ನಿಂತು ಹುಬ್ಬು ಬೆಳ್ಳಗೆ ಮಾಡಿಕೊಂಡು ಬಂದು, ಯಾವುದೂ ಏನೂ ಆಗುವುದಿಲ್ಲ ಎಂಬ ನಂಬಿಕೆಯಿಂದ ಉಂಡು ಮಲಗುವ ಮನುಷ್ಯ. ಅವರ ಪಾಲಿನ ಚಿಂತೆಯನ್ನೂ ನಾನೇ ಮಾಡುತ್ತ ಬಂದಿದ್ದೇನೆ.

ಅವರಿಗೆ ಐಟಿಐ ಓದುವಾಗಲೇ ಸಿಗರೇಟು ಅಂಟಿತ್ತು. ಮಿಲ್ಲಿನ ಧೂಳು ಸಾಲದೆಂಬಂತೆ ದಿನಕ್ಕೆ ಎರಡು ಪ್ಯಾಕು. ಆಣೆ ಹಾಕಿಸಿದೆ, ಅತ್ತೆ, ನಾನು ಇಬ್ಬರೂ ಉಪವಾಸ ಕೂತೆವು. ನಾವು ಉಪವಾಸ ಕೂತ ದಿನ ಬೇಜಾರಾಯಿತೆಂದು ಅವರು ಮೂರು ಪ್ಯಾಕು ಸೇದಿದರು. ಕೊನೆಗೆ ಅವರ ಗೆಳೆಯ ಖಾಜಾ ದುಬೈಯಿಂದ ರಜೆಗೆ ಬಂದವನು ಪೆನ್ ಟಾರ್ಚಿನಂಥ ಒಂದು ಸಾಮಾನನ್ನೂ ಅದರ ಬಿಡಿಭಾಗಗಳನ್ನೂ ಒಂದು ಪೆಟ್ಟಿಗೆ ತುಂಬ ರಸದ ಬಾಟಲಿಗಳನ್ನೂ ತಂದುಕೊಟ್ಟ. ಗುಂಡಿ ಒತ್ತಿ ಎಳೆದರೆ ಮಾವಿನಹಣ್ಣಿನ ವಾಸನೆಯ ಬಿಳಿ ಆವಿ ಬರುತ್ತಿತ್ತು. ಹದಿನೈದು ದಿನದಲ್ಲಿ ಸಿಗರೇಟು ಬಿಟ್ಟಿತು. ಅತ್ತೆಯವರು ಇದನ್ನು ದಮ್ಮಿನ ಔಷಧಿ ಎಂದುಕೊಂಡರು. ನಾವು ಹಾಗೆಂದು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. "ಬಸೂ, ಉಂಡಮ್ಯಾಲ ಔಷಧಿ ಸೇದಿದಿಲ್ಲೋ?" ಎಂದು ಅವರು ಕಟ್ಟೆಯ ಮೇಲಿನಿಂದ ಕೂಗಿ ಕೇಳುವಾಗ ಓಣಿಯೆಲ್ಲ ಕೇಳಿಸುತ್ತಿತ್ತು, ನನಗೆ ಮೈಯೆಲ್ಲ ಬೆವರುತ್ತಿತ್ತು.

ಬೆವರುವುದಕ್ಕೆ ಕಾರಣವಿತ್ತು. ಅಷ್ಟರಲ್ಲಿ ಸರ್ಕಾರ ಇದನ್ನು ನಿಷೇಧಿಸಿತ್ತು.

ಈ ಸಾಮಾನಿನ ಜೀವ ಇರುವುದು ಅದರ ಬಾಯಿಯ ಹತ್ತಿರದ ಪುಟ್ಟ ಲೋಹದ ಡಬ್ಬಿಯಲ್ಲಿ. ಅದಕ್ಕೆ ಅಟಮೈಸರ್ ಅನ್ನುತ್ತಾರೆ. ಹೆಸರು ದೊಡ್ಡದು, ಒಳಗಿನ ಸಂಸಾರ ಚಿಕ್ಕದು: ಒಂದು ತಂತಿಯ ಸುರುಳಿ, ಸುರುಳಿಯೊಳಗೆ ಒಂದು ಹತ್ತಿಯ ಎಳೆ, ಹತ್ತಿಗೆ ನೆನೆಯಲು ರಸ. ಹಣತೆಯ ಬತ್ತಿಯ ಲೆಕ್ಕವೇ. ಇಲ್ಲಿ ಉರಿಯ ಬದಲು ಕರೆಂಟು, ಬೆಳಕಿನ ಬದಲು ಆವಿ, ಅಷ್ಟೆ. ಅಟಮೈಸರ್ ಅಂದರೆ ಅಣುವಾಗಿ ಒಡೆಯುವಂಥದ್ದು. ಅತ್ತರಿನ ಬಾಟಲಿಯ ಪಿಚಕಾರಿಗೂ ಇದೇ ಹೆಸರು. ಒಂದನ್ನು ಮದುಮಗನ ಮೇಲೆ ಹೊಡೆಯುತ್ತಾರೆ, ಇನ್ನೊಂದನ್ನು ಗಂಡನಾದ ಮೇಲೆ ಅವನೇ ಎದೆಯೊಳಗೆ ಹೊಡೆದುಕೊಳ್ಳುತ್ತಾನೆ. ಆ ಸುರುಳಿ ಕೆಲವು ವಾರಗಳಲ್ಲಿ ಸುಟ್ಟುಹೋಗುತ್ತದೆ. ಸುಟ್ಟರೆ ತಳ ಹಿಡಿದ ಅನ್ನದ ರುಚಿ. ಹೊಸದು ಹಾಕಬೇಕು. ನಿಷೇಧದ ಮೇಲೆ ಹೊಸದು ಎಲ್ಲಿಂದ ಬರಬೇಕು?

ಖಾಜಾ ಕೊಟ್ಟಿದ್ದ ಕಡೆಯ ಸುರುಳಿ ಸುಟ್ಟು ನಾಲ್ಕನೆಯ ದಿನ. ಶಾಲೆಯ ಬಸ್ಸಿಳಿದು ಆಟೋದಲ್ಲಿ ಮನೆಗೆ ಬರುತ್ತಿದ್ದವಳು ಪಾನ್ ಅಂಗಡಿಯ ಪಕ್ಕದಲ್ಲಿ ನನ್ನ ಗಂಡ ನಿಂತಿದ್ದನ್ನು ಕಂಡೆ. ಅವರು ಸೇದುತ್ತಿರಲಿಲ್ಲ. ಬೇರೆ ಯಾರೋ ಸೇದುತ್ತಿದ್ದರು. ಇವರು ಆ ಹೊಗೆ ಬರುವ ದಿಕ್ಕಿಗೆ ಸರಿದು, ಮಂಗಳಾರತಿಗೆ ಕೈಯೊಡ್ಡುವವರ ಹಾಗೆ ಮುಖವೊಡ್ಡಿ ನಿಂತಿದ್ದರು. ಇಂದು ಹೊಗೆ, ನಾಳೆ ಒಂದು ದಮ್ಮು, ನಾಡಿದ್ದು ಎರಡು ಪ್ಯಾಕು. ಮನೆಗೆ ಬಂದವಳೇ ಆ ಡಬ್ಬಿಯನ್ನು ಕನ್ನಡಕ ರಿಪೇರಿಯ ಸ್ಕ್ರೂಡ್ರೈವರಿನಿಂದ ಬಿಚ್ಚಿದೆ. ಒಳಗೆ ಕರ್ರಗಾಗಿದ್ದ ಸುರುಳಿಯನ್ನು ನೋಡಿ ನನಗೆ ನಗು ಬಂತು. ಹತ್ತನೆಯ ತರಗತಿಯ ಮಕ್ಕಳಿಗೆ ವಿದ್ಯುತ್ತಿನ ಉಷ್ಣ ಪರಿಣಾಮ ಎಂದು ವರ್ಷ ವರ್ಷ ಪಾಠ ಮಾಡಿದವಳು ನಾನು. ಇದನ್ನು ಸುತ್ತಲಾರೆನೇ?

ಹತ್ತಿಯ ಚಿಂತೆ ಇರಲಿಲ್ಲ. ಅತ್ತೆಯವರು ಹೊಸೆದ ದೇವರ ಬತ್ತಿಗಳು ಡಬ್ಬಿ ತುಂಬ ಇದ್ದವು. ತಂತಿಯ ಚಿಂತೆ ಮಾತ್ರ ಉಳಿಯಿತು. ನಮ್ಮ ಓಣಿಯ ಬಾಯಲ್ಲೇ ಇಮಾಮಸಾಬರ ಅಂಗಡಿ. ಸುಟ್ಟ ಮೋಟರು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರು, ಎಲ್ಲದರ ತಂತಿ ಬಿಚ್ಚಿ ಹೊಸದಾಗಿ ಕಟ್ಟುವ ಹಿರಿಯರು. ಕೈಬೆರಳುಗಳಿಗೆ ವಾರ್ನಿಶಿನ ಬಣ್ಣ ಕಾಯಮ್ಮಾಗಿ ಹತ್ತಿಬಿಟ್ಟಿದೆ. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಅವರೂ ನನ್ನನ್ನು ಹಾಗೇ ಕರೆಯುತ್ತಿದ್ದರು.

"ಚಾಚಾ, ಹೀಟರಿನ ತಂತಿ ಭಾಳ ತೆಳ್ಳಾಂದು ಐತೇನ್ರಿ?"

"ಐತ್ರಿ ಅಕ್ಕೋರ. ಯಾತಕ್ಕ ಬೇಕಾಗಿತ್ರಿ?"

ಇದೊಂದು ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಹೋಗಬೇಕೆಂದು ಜಗತ್ತಿನ ಎಲ್ಲ ಚಿಂತೆ ಮಾಡುವ ನನಗೆ ಹೊಳೆದಿರಲಿಲ್ಲ. ಬಾಯಿ ತಾನೇ ಹೇಳಿತು: "ಸಾಲ್ಯಾಗ ಮಕ್ಕಳಿಗೆ ಒಂದು ಪ್ರಯೋಗ ಮಾಡಿ ತೋರಸಬೇಕ್ರಿ."

ಇಮಾಮಸಾಬರ ಮುಖ ಅರಳಿದ್ದನ್ನು ನೋಡಬೇಕಿತ್ತು. ಕೈಯೊರೆಸಿಕೊಂಡು ಎದ್ದು, ಒಳಗಿನಿಂದ ಒಂದು ಇಡೀ ಸುರುಳಿ ತಂದರು. ಪರ್ಸ್ ತೆಗೆಯಲು ಹೋದರೆ ಬೈದೇಬಿಟ್ಟರು. "ಮಕ್ಕಳಿಗಂತೀರಿ, ರೊಕ್ಕ ಕೊಡ್ತೀರಿ? ಇಡ್ರಿ ಅದನ್ನ. ನಾನಂತೂ ಮೂರನೇ ಕ್ಲಾಸಿಗೇ ಸಾಲಿ ಬಿಟ್ಟಾವ. ನನ್ನ ತಂತಿನಾದ್ರೂ ಹೈಸ್ಕೂಲಿಗೆ ಹೋಗ್ಲಿ."

ಆ ಸುರುಳಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ನಡೆದ ನೂರು ಹೆಜ್ಜೆ ಇವತ್ತಿಗೂ ನೆನಪಿದೆ. ಹೆಗಲಿಗೆ ಭಾರ ಅನ್ನುವುದು ತೂಕಕ್ಕೆ ಸಂಬಂಧಿಸಿದ್ದಲ್ಲ ಎಂದು ವಿಜ್ಞಾನದ ಪುಸ್ತಕದಲ್ಲಿ ಬರೆದಿಲ್ಲ.

ಮೊದಲ ಸುರುಳಿ ಹಾಳಾಯಿತು, ಎರಡನೆಯದೂ ಹಾಳಾಯಿತು. ಮೂರನೆಯದು ಕೂತಿತು. ಯಜಮಾನರು ಗುಂಡಿ ಒತ್ತಿ ಎಳೆದು, ಕಣ್ಣು ಮುಚ್ಚಿ, "ಖಾಜಾ ತಂದಿದ್ದಕ್ಕಿಂತ ಛಲೋ ಆಗೇತಿ ನೋಡು" ಅಂದರು. ಮದುವೆಯಾಗಿ ಹದಿನಾರು ವರ್ಷ ನಾನು ಮಾಡಿದ ಹೋಳಿಗೆಗೂ ಅವರು ಇಷ್ಟು ಮನಸಾರೆ ಮೆಚ್ಚುಗೆ ಹೇಳಿರಲಿಲ್ಲ. ಅಂದಿನಿಂದ ಎರಡು ಮೂರು ವಾರಕ್ಕೊಮ್ಮೆ, ಸಂಜೆಯ ಚಹಾ ಆದ ಮೇಲೆ, ನಾನು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಸುತ್ತಲು ಕೂರುವುದು, ಅವರು ಎದುರಿಗೆ ಸುಮ್ಮನೆ ಕೂತು ನೋಡುವುದು ರೂಢಿಯಾಯಿತು.

ಕೈಗೆ ಅಭ್ಯಾಸವಾಯಿತು, ಮನಸ್ಸಿಗೆ ಮಾತ್ರ ಆಗಲಿಲ್ಲ. ನಿಷೇಧದ ಕಾನೂನಿನ ವಿವರವನ್ನು ಫೋನಿನಲ್ಲಿ ಹುಡುಕಿ ಓದಿದೆ. ತಯಾರಿಕೆ ತಪ್ಪು, ಮಾರಾಟ ತಪ್ಪು, ಸಾಗಾಣಿಕೆ ತಪ್ಪು, ದಾಸ್ತಾನು ತಪ್ಪು. ನಾವು ಮಾರುತ್ತಿರಲಿಲ್ಲ, ಸರಿ. ಏಳು ಸುತ್ತು ಸುತ್ತುವುದು ತಯಾರಿಕೆಯೇ? ಕುಂಕುಮದ ಭರಣಿಯಲ್ಲಿ ಎರಡು ಸುರುಳಿ ಎತ್ತಿಟ್ಟರೆ ಅದು ದಾಸ್ತಾನೇ? ಊಟದ ಮೇಜಿನಿಂದ ಅಡುಗೆಮನೆಗೆ ಒಯ್ದರೆ ಸಾಗಾಣಿಕೆಯೇ? ಒಬ್ಬ ವಕೀಲರನ್ನು ಕೇಳಬಹುದಿತ್ತು. ಕೇಳಿದರೆ ಯಾತಕ್ಕೆ ಎಂದು ಅವರೂ ಕೇಳುತ್ತಾರೆ, ಅವರಿಗೂ ಪ್ರಯೋಗ ಎನ್ನಬೇಕಾಗುತ್ತದೆ. ಓದಿದ್ದನ್ನು ಫೋನು ನೆನಪಿಟ್ಟುಕೊಂಡು ಯಾರಿಗಾದರೂ ಹೇಳೀತೆಂದು, ಮರುದಿನ ಹುಗ್ಗಿ ಮಾಡುವ ವಿಧಾನ, ಹೊಲಿಗೆಯ ಡಿಸೈನು ಎಂದೆಲ್ಲ ಹತ್ತು ಬಾರಿ ಹುಡುಕಿದೆ.

ಶಾಲೆಯಲ್ಲಿ ಇನ್ನೊಂದು ಪೇಚು. ತಂಬಾಕು ಮುಕ್ತ ಶಾಲೆಯ ತರಬೇತಿಗೆ ಕೊಪ್ಪಳಕ್ಕೆ ಒಬ್ಬರು ಹೋಗಬೇಕಿತ್ತು. ಹೆಡ್‌ಮಾಸ್ತರರು ಎಲ್ಲರ ಮುಖ ನೋಡಿ ನನ್ನನ್ನೇ ಆರಿಸಿದರು. "ನಿಮ್ಮಂಥಾವ್ರು ಹೇಳಿದ್ರ ಮಕ್ಕಳು ನಂಬ್ತಾರ್ರಿ." ಬಂದ ಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ಪ್ರತಿಜ್ಞೆ ಬೋಧಿಸುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಬೀಡಿ ಎಂದೆ, ಮಕ್ಕಳು ಬೀಡಿ ಎಂದರು. ಗುಟಕಾ ಎಂದೆ, ಗುಟಕಾ ಎಂದರು. ಮುಂದಿನ ಶಬ್ದ ಇ-ಸಿಗರೇಟು. ಕೆಮ್ಮು ಬಂತು. ಮುನ್ನೂರು ಮಕ್ಕಳು ವಿಧೇಯರಾಗಿ ಕೆಮ್ಮಿದರು. "ಮಿಲ್ಲಿನ ಬೂದಿ ಹಾರಿ ಬರ್ತೈತ್ರಿ, ನೀರು ಕುಡೀರಿ" ಎಂದು ಹೆಡ್‌ಮಾಸ್ತರರು ತಮ್ಮ ಬಾಟಲಿ ಕೊಟ್ಟರು.

ಇದೆಲ್ಲಕ್ಕಿಂತ ಕಷ್ಟವಾದದ್ದು ಇಮಾಮಸಾಬರ ಅಂಗಡಿ ದಾಟುವುದು. ದಿನಾ ಸಂಜೆ ಅವರು ತಲೆಯೆತ್ತಿ ಕೇಳುತ್ತಿದ್ದರು: "ಅಕ್ಕೋರ, ನನ್ನ ತಂತಿ ಸಾಲಿಗೆ ಹೋತೇನ್ರಿ?" ಮೊದಲ ವಾರ, ಇನ್ನೂ ಪಾಠ ಅಲ್ಲಿಗೆ ಬಂದಿಲ್ಲ ಅಂದೆ. ಆಮೇಲೆ ಪರೀಕ್ಷೆ ಅಂದೆ. ಆಮೇಲೆ ಕ್ರೀಡಾಕೂಟ ಅಂದೆ. ಒಂದು ದಿನ ಸಾಕಾಗಿ, "ಹೋತ್ರಿ" ಅಂದುಬಿಟ್ಟೆ. ಅವರು ಬಿಡಲಿಲ್ಲ. "ಮಕ್ಕಳು ಏನಂದ್ರು?" ಎಂದು ಸ್ಟೂಲು ಮುಂದೆ ಸರಿಸಿದರು. "ಭಾಳ ಖುಷಿಪಟ್ರು ಚಾಚಾ" ಅಂದೆ. ಮರುದಿನದಿಂದ ಕಾಯಿಪಲ್ಲೆ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ, ಕೊಳೆತ ಕೋಸಿನ ಎಲೆ ತುಳಿದುಕೊಂಡು, ದೂರದ ದಾರಿ ಹಿಡಿದು ಮನೆ ಸೇರತೊಡಗಿದೆ. ಕಳ್ಳತನ ಮಾಡಿದವರು ದಾರಿ ಬದಲಿಸುವುದನ್ನು ಕೇಳಿದ್ದೇನೆ. ದಾನ ಪಡೆದವಳೂ ಬದಲಿಸಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ರವಿವಾರ. ಬೆಳಿಗ್ಗೆ ಹನ್ನೊಂದರ ಸುಮಾರು. ಸುಗ್ಗಿಯ ಕಾಲ, ಮಿಲ್ಲಿಗೆ ರಜೆಯಿಲ್ಲದ್ದರಿಂದ ಯಜಮಾನರು ಕೆಲಸಕ್ಕೆ ಹೋಗಿದ್ದರು. ಸಂಜೆ ಬರುವಷ್ಟರಲ್ಲಿ ಹೊಸ ಸುರುಳಿ ಹಾಕಿಟ್ಟಿರೋಣವೆಂದು ಕೂತೆ. ಅತ್ತೆಯವರು ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಕನ್ನಡಕದ ಗಾಜು ಒರೆಸಿಕೊಳ್ಳದ್ದು ನನ್ನ ತಪ್ಪು. ಸುರುಳಿಯ ಒಂದು ಕಾಲು ಡಬ್ಬಿಯ ಗೋಡೆಗೆ ತಾಗಿದ್ದು ಕಾಣಲಿಲ್ಲ. ಯಾವತ್ತೂ ತಂತಿಯ ರೋಧ ಅಳೆಯುವ ಮೀಟರ್ ಹಿಡಿದು ನೋಡದೆ ಬ್ಯಾಟರಿಗೆ ಕೂಡಿಸಿದವಳಲ್ಲ. ಅವತ್ತು ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೆಂದು ಅತ್ತೆ ಕೂಗಿದ್ದರಿಂದ ಅವಸರದಲ್ಲಿ ಕೂಡಿಸಿ, ಗುಂಡಿ ಅಮುಕಿದ್ದೂ ತಿಳಿಯದೆ ಅದನ್ನು ಕೈಯಲ್ಲೇ ಬಿಗಿಯಾಗಿ ಹಿಡಿದುಕೊಂಡು ಒಲೆ ಆರಿಸಲು ಓಡಿದೆ.

ಕೈ ಬೆಚ್ಚಗಾಯಿತು. ಹಾಲಿನ ಝಳ ಅಂದುಕೊಂಡೆ. ಬಿಸಿಯಾಯಿತು. ಆಮೇಲೆ ಸುಡತೊಡಗಿತು, ಜೊತೆಗೆ ಸಣ್ಣದಾಗಿ ಹಾವಿನಂತೆ ಬುಸ್ ಎಂಬ ಸದ್ದು. ಎರಡು ವರ್ಷ ಎಲ್ಲ ದಿಕ್ಕಿಗೂ ಚಿಂತೆ ಮಾಡಿದ್ದೆನಲ್ಲ, ಆ ಗಳಿಗೆಯಲ್ಲಿ ಒಂದು ಚಿಂತೆಯೂ ನೆರವಿಗೆ ಬರಲಿಲ್ಲ. ಪಕ್ಕದಲ್ಲಿ ಗ್ಯಾಸಿನ ಸಿಲಿಂಡರ್ ಇದೆ, ಅದರ ಪಕ್ಕದಲ್ಲಿ ಎಪ್ಪತ್ತರ ಅತ್ತೆ ಇದ್ದಾರೆ ಎಂಬುದಷ್ಟೇ ಕಂಡಿತು. ಹಿತ್ತಲ ಬಾಗಿಲು ತೆರೆದಿತ್ತು. ಓಡಿ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಸೆದೆ. ಅದು ಒಂದು ಸಲ ಚಿಟ್ಟೆಂದು ಹಾರಿ, ದಟ್ಟವಾದ ಕರಿಹೊಗೆ ಬಿಟ್ಟು, ಬೆಂಕಿ ಉಗುಳಿ, ಮಲಗಿತು. ಹೆಬ್ಬೆರಳು, ತೋರುಬೆರಳು ಎರಡೂ ಬೊಬ್ಬೆ.

ಅತ್ತೆಯವರು ಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡರು. "ಯವ್ವಾ, ಬಸೂನ ಔಷಧಿ ಸಿಡೀತವ್ವಾ!" ಪಕ್ಕದ ಮನೆಯ ಗಂಗಮ್ಮ ಹೊಗೆ ನೋಡಿ, ಕರೆಂಟ್ ಹೊತ್ತಿದೆಯೆಂದು ಕೂಗುತ್ತ ಓಡಿದಳು. ಎಲ್ಲಿಗೆ ಓಡಬೇಕು? ಕರೆಂಟಿನ ವಿಷಯಕ್ಕೆ ನಮ್ಮ ಓಣಿಯವರು ಓಡುವುದು ಒಂದೇ ಕಡೆಗೆ.

ಇಮಾಮಸಾಬರು ಒಂದು ಕೈಯಲ್ಲಿ ಉಸುಕಿನ ಬುಟ್ಟಿ, ಇನ್ನೊಂದರಲ್ಲಿ ಇಕ್ಕಳ ಹಿಡಿದು ಏದುಸಿರು ಬಿಡುತ್ತ ಬಂದರು. ಮೊದಲು ಮೇನ್ ಸ್ವಿಚ್ ಇಳಿಸಿದರು. ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಉಸುಕು ಸುರಿದರು. ಸ್ವಲ್ಪ ಹೊತ್ತು ಬಿಟ್ಟು ಇಕ್ಕಳದಿಂದ ಆ ಸುಟ್ಟ ಡಬ್ಬಿಯನ್ನೆತ್ತಿ ಬಿಸಿಲಿಗೆ ಹಿಡಿದು ನೋಡಿದರು. ಒಳಗೆ ಏಳು ಸುತ್ತು ಇನ್ನೂ ಸಾಲಾಗಿ ನಿಂತಿದ್ದವು. ನೋಡಿದವರು ನನ್ನ ಕಡೆ ತಿರುಗಿದರು.

"ನಮ್ಮ ಬಸೂನ ದಮ್ಮಿನ ಔಷಧಿ ರೀ ಅದು" ಎಂದರು ಅತ್ತೆ.

ಇಮಾಮಸಾಬರು ಇಕ್ಕಳವನ್ನು ಬೆನ್ನ ಹಿಂದೆ ಮಾಡಿದರು. ಆಮೇಲೆ, "ಹೌದೇನಬೇ. ಇಂಥಾವು ಸೆಕಿಗೆ ಇಡಬಾರದು. ನೀ ಒಳಗ ನಡಿಯವ್ವಾ, ಹೊಗಿ ಛಲೋ ಅಲ್ಲ" ಅಂದರು. ಗಂಗಮ್ಮನನ್ನೂ ಏನೂ ಆಗಿಲ್ಲವೆಂದು ಕಳಿಸಿದರು. ಹಿತ್ತಲಲ್ಲಿ ನಾವಿಬ್ಬರೇ ಉಳಿದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಅಕ್ಕೋರ, ಇದು ನನ್ನ ತಂತಿ."

ನಾನು ಎಲ್ಲವನ್ನೂ ಹೇಳಿದೆ. ಎರಡು ಪ್ಯಾಕು, ಖಾಜಾ, ಪಾನ್ ಅಂಗಡಿ, ಮಂಗಳಾರತಿಗೆ ಒಡ್ಡಿದಂಥ ಆ ಮುಖ, ಕಾಯಿಪಲ್ಲೆ ಮಾರ್ಕೆಟ್ಟಿನ ಸಂದಿಯನ್ನೂ ಬಿಡಲಿಲ್ಲ. ಅವರು ಒಗೆಯುವ ಕಲ್ಲಿನ ಅಂಚಿಗೆ ಕೂತು ಕೇಳಿದರು.

"ಕಾನೂನು ಗೀನೂನು ನನಗ ತಿಳಿಯಂಗಿಲ್ರಿ" ಅಂದರು ಕೊನೆಗೆ. "ನಲವತ್ತು ವರ್ಷ ಮೋಟರ್ ಕಟ್ಟೀನಿ. ವಾರ್ನಿಶಿನ ಹೊಗಿ ಕುಡದು ಕುಡದು, ಈಗ ನೋಡ್ರಿ, ನೂರು ಹೆಜ್ಜಿ ಓಡಿ ಬಂದಿದ್ದಕ್ಕ ಇನ್ನೂ ಏದುಸಿರು ನಿಂತಿಲ್ಲ ನನಗ. ಈ ತಂತಿ ಇಸ್ತ್ರಿ ಪೆಟಗಿಗೆ ಅಂತ ಇಟ್ಟಿದ್ದು. ಅಂಗಿ ಸುಟ್ರ ಇನ್ನೊಂದು ಅಂಗಿ ತಗೋಬಹುದು. ಮೋಟರ್ ಸುಟ್ಟು ಬಂದ್ರ ಬಿಚ್ಚಿ ಮತ್ತ ಕಟ್ಟಿ ಕೊಡ್ತೀನಿ. ಎದಿ ಸುಟ್ಟು ಬಂದ್ರ ಕಟ್ಟಿ ಕೊಡಾವ್ರು ಯಾರದಾರ್ರಿ? ಅದಕ್ಕಂತ ಕೇಳಿದ್ರ ಒಂದು ಗೇಣು ತಂತಿನೂ ಕೊಡ್ತಿರಲಿಲ್ಲ ನಾನು."

"ತಪ್ಪಾತು ಚಾಚಾ. ಸುಳ್ಳು ಹೇಳಬಾರದಿತ್ತು."

"ಸುಳ್ಳಿಗೆ ಸಿಟ್ಟಿಲ್ರಿ. ದುನಿಯಾದಾಗ ಯಾರು ಹೇಳಂಗಿಲ್ಲ." ಅವರು ಡಬ್ಬಿಯನ್ನು ಉಸುಕಿನೊಳಗೆ ಹೂತರು. "ಆದ್ರ ನಾ ಮನ್ಯಾಗ ಹೇಳಿಬಿಟ್ಟೀನಿ. ನನ್ನ ತಂತಿ ಹೈಸ್ಕೂಲಿಗೆ ಹೋಗೇತಿ, ಮಕ್ಕಳು ಭಾಳ ಖುಷಿಪಟ್ಟಾರ ಅಂತ. ನಮ್ಮಾಕಿ ಎಲ್ಲಾರ ಮುಂದ ಹೇಳಿಕೊಂಡು ಅಡ್ಡಾಡತಾಳ."

ಪೊಲೀಸರಿಗೆ ಹೆದರಿದ್ದೆ, ಬ್ಯಾಟರಿಗೆ ಹೆದರಿದ್ದೆ, ಹೆಡ್‌ಮಾಸ್ತರರಿಗೆ ಹೆದರಿದ್ದೆ. ಹೀಗೊಂದು ಮಾತು ಬಂದು ತಾಗೀತೆಂದು ಮಾತ್ರ ಹೆದರಿರಲಿಲ್ಲ. ಅವರು ಬುಟ್ಟಿಯನ್ನೆತ್ತಿಕೊಂಡು ಹೋದ ಮೇಲೆ ನಾನು ಅದೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಬೆರಳು ಉರಿಯುತ್ತಿದೆಯೆಂದು ಅತ್ತೆಯವರಿಗೆ ಹೇಳಿದೆ. ಅದೂ ಸುಳ್ಳಲ್ಲ. ಅವರು ತುಪ್ಪ ಹಚ್ಚಲು ಬಂದರು; ನಾನು ವಿಜ್ಞಾನದ ಶಿಕ್ಷಕಿಯಾಗಿ ತಣ್ಣೀರಿನಲ್ಲಿ ಬೆರಳು ಅದ್ದಿಕೊಂಡೆ. ಆಮೇಲೆ ಅವರ ಸಮಾಧಾನಕ್ಕೆ ಸುಡದ ಬೆರಳಿಗೆ ತುಪ್ಪ ಹಚ್ಚಿಸಿಕೊಂಡೆ.

ಸಂಜೆ ಯಜಮಾನರು ಬರುವಷ್ಟರಲ್ಲಿ ಹೊಸ ಚಿಂತೆ ತಲೆಯೆತ್ತಿತ್ತು. ಸಾಮಾನು ಸುಟ್ಟಿತು, ತಂತಿ ಇನ್ನು ಸಿಗುವುದಿಲ್ಲ. ಇವರು ಇವತ್ತೇ ಪಾನ್ ಅಂಗಡಿಗೆ ಹೋಗುತ್ತಾರೆ. ಅವರು ಕೈಕಾಲು ತೊಳೆದುಕೊಂಡು ಬಂದು ಕೂತ ಕೂಡಲೇ ಬೊಬ್ಬೆ ಬಂದ ಬೆರಳನ್ನು ಮುಂದಿಟ್ಟು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅವರ ಮುಖ ಬಿಳಿಚಿತು. ಹದಿನೆಂಟು ವರ್ಷದಲ್ಲಿ ಅವರು ಹೆದರಿದ್ದನ್ನು ನೋಡಿದ್ದು ಅದೇ ಮೊದಲು.

"ಅವ್ವ ಒಲಿ ಮುಂದ ಇದ್ಲೇನು?" ಎಂದು ಕೇಳಿದರು. ನನ್ನ ಕೈಯನ್ನು ತಮ್ಮ ಕೈಯೊಳಗಿಟ್ಟುಕೊಂಡರು.

"ನಾಳಿಂದ ಏನು ಮಾಡ್ತೀರಿ? ಮತ್ತ ಸಿಗರೇಟ್ ಹಿಡೀತೀರಿ" ಅಂದೆ.

"ಇಲ್ಲ ಸುಮಾ."

"ಹೆಂಗ ಇಲ್ಲ? ಅದರ ರಸ ಇಲ್ಲದ ನಾಕು ದಿನ ಇರಲಾರದಾವ್ರು ನೀವು."

ಅವರು ತಲೆ ತಗ್ಗಿಸಿದರು. "ಆ ರಸ ಮುಗದು ಆರು ತಿಂಗಳಾತು."

ನನಗೆ ಅರ್ಥವಾಗಲಿಲ್ಲ. ಖಾಜಾ ಕೊಟ್ಟ ಬಾಟಲಿಗಳು ಆರು ತಿಂಗಳ ಹಿಂದೆಯೇ ಬರಿದಾಗಿದ್ದವಂತೆ. ಅಷ್ಟರಲ್ಲಾಗಲೇ ದಿನಕ್ಕೆ ಎರಡು ಮೂರು ಎಳೆತಕ್ಕೆ ಇಳಿದಿದ್ದರಂತೆ. ಆಮೇಲೆ ಔಷಧದ ಅಂಗಡಿಯಿಂದ ಬರೀ ಗ್ಲಿಸರಿನ್ ತಂದು ಹಳೆಯ ಬಾಟಲಿಗೆ ತುಂಬಿ, ಅದನ್ನೇ ಸೇದಿದರಂತೆ. ನಿಕೋಟಿನ್ ಇಲ್ಲ, ಮಾವು ಇಲ್ಲ, ಏನೂ ಇಲ್ಲ. ಮಾವಿನ ವಾಸನೆ ಬರುತ್ತಿಲ್ಲವೆಂದು ನಾನು ನನ್ನ ಮೂಗು ಕೆಟ್ಟಿತೆಂದು ಹೆದರಿ ದೇವರ ಮುಂದಿನ ಕರ್ಪೂರ ಮೂಸಿ ನೋಡಿಕೊಂಡಿದ್ದು ನೆನಪಾಯಿತು.

"ಹಂಗಾರ ಸೇದಿದ್ದ್ಯಾಕ್ರಿ? ಬಿಟ್ಟಿದ್ರ ಆಗ್ತಿರಲಿಲ್ಲೇನು?"

"ಬಿಡಬೇಕಂತಿದ್ದೆ. ಆದ್ರ ನೀ ಚಹಾ ಕುಡದು, ಕನ್ನಡಕ ಹಾಕ್ಕೊಂಡು, ಉಸರು ಹಿಡದು ಸುತ್ತಲಿಕ್ಕೆ ಕುಂದರ್ತಿದ್ದಿ. ನನ್ನ ಸಲುವಾಗಿ ಅಷ್ಟು ಲಕ್ಷ್ಯಕೊಟ್ಟು ಯಾರೂ ಏನೂ ಮಾಡಿಲ್ಲ. ಬ್ಯಾಡಂದ್ರ ನಿನಗ ಬ್ಯಾಸರ ಆದೀತಂತ..." ಅಲ್ಲಿಗೆ ನಿಲ್ಲಿಸಿ, ಸಣ್ಣ ದನಿಯಲ್ಲಿ ಸೇರಿಸಿದರು: "ನನಗೂ ಎದುರಿಗೆ ಕುಂತು ನೋಡೂದು ರೂಢಿ ಆಗಿತ್ತು."

ನಗಬೇಕೋ ಬಡಿಯಬೇಕೋ ತಿಳಿಯಲಿಲ್ಲ. ನಾನು ಕಾನೂನಿಗೆ ಬೆನ್ನು ತಿರುಗಿಸಿ, ಒಬ್ಬ ಮುದುಕರಿಗೆ ಸುಳ್ಳು ಹೇಳಿ, ಮುನ್ನೂರು ಮಕ್ಕಳ ಮುಂದೆ ಕೆಮ್ಮಿ, ಕೋಸಿನ ಎಲೆ ತುಳಿದು, ಕಡೆಯ ಆರು ತಿಂಗಳು ಕಾಪಾಡಿದ್ದು ಒಂದು ಬಾಟಲಿ ಗ್ಲಿಸರಿನ್ನನ್ನು! ಮುಖಕ್ಕೆ ಹಚ್ಚಿಕೊಂಡಿದ್ದರೆ ಚಳಿಗಾಲಕ್ಕಾದರೂ ಆಗುತ್ತಿತ್ತು. ಅವರು ಸೇದಿದ್ದು ನನಗೆ ಬೇಜಾರಾದೀತೆಂದು, ನಾನು ಸುತ್ತಿದ್ದು ಅವರು ಹಾಳಾದಾರೆಂದು. ಚಟ ಯಾರದ್ದಾಗಿತ್ತು ಎಂದು ಈಗ ಕೇಳಿದರೆ ನಾನು ಎದೆ ಮುಟ್ಟಿಕೊಂಡು ಬಸವರಾಜರದ್ದು ಎಂದು ಹೇಳಲಾರೆ. ಮುಂದಿನ ಹಲವು ದಿನ ಸಂಜೆ ಚಹಾ ಆದ ಕೂಡಲೇ ನನ್ನ ಬೆರಳುಗಳು ಸುಮ್ಮನೆ ಸೆರಗಿನ ದಾರವನ್ನು ಸುತ್ತತೊಡಗುತ್ತಿದ್ದವು. ಅವರು ಸುಮ್ಮನೆ ನೋಡುತ್ತ ಕೂರುತ್ತಿದ್ದರು.

ಸೋಮವಾರ ನಾನು ಹಳೆಯ ದಾರಿಯಲ್ಲೇ ಮನೆಗೆ ಬಂದೆ. ಇಮಾಮಸಾಬರು ತಲೆಯೆತ್ತಿದರು, ಏನೂ ಕೇಳಲಿಲ್ಲ. ನಾನೇ ನಿಂತು ಹೇಳಿದೆ, ಗುರುವಾರ ಮೂರನೆಯ ಪಿರಿಯಡ್, ಅವರು ಬರಬೇಕು ಎಂದು. ಅವರು ಬಿಚ್ಚುತ್ತಿದ್ದ ಮೋಟರನ್ನು ಪಕ್ಕಕ್ಕಿಟ್ಟರು. ಆಮೇಲೆ ಎದ್ದು ಒಳಗಿನಿಂದ ದಪ್ಪನೆಯ ತಂತಿಯ ತುಂಡು ತಂದು ಕೊಟ್ಟರು. "ಅದು ಭಾಳ ತೆಳ್ಳಂದು, ಮಕ್ಕಳಿಗೆ ಕಾಣಂಗಿಲ್ಲ. ಇದನ್ನ ಹಚ್ಚರಿ." ಗುರುವಾರ ಒಗೆದ ಬಿಳಿ ಅಂಗಿ ತೊಟ್ಟು ಕಾರಟಗಿ ಬಸ್ಸಿಗೆ ಬಂದು, ಹತ್ತನೆಯ ತರಗತಿಯ ಕಡೆಯ ಬೆಂಚಿನಲ್ಲಿ ಕೂತರು. ತಂತಿ ಕೆಂಪಗೆ ಕಾದು ಥರ್ಮಾಕೋಲನ್ನು ಬೆಣ್ಣೆಯಂತೆ ಕೊಯ್ದಾಗ ಮಕ್ಕಳೆಲ್ಲ ಓ ಎಂದರು. ಅವರು ಹಿಂದಿನಿಂದ ಕೈಯೆತ್ತಿ, "ತಾಮ್ರದ ತಂತಿ ಯಾಕ ಹಿಂಗ ಕೆಂಪಾಗಂಗಿಲ್ಲ, ಕೇಳ್ರಿ ಅವರನ್ನ" ಅಂದರು. ಒಬ್ಬರಿಗೂ ಗೊತ್ತಿರಲಿಲ್ಲ. ಅವರೇ ಎದ್ದು ಬಂದು ಹೇಳಿದರು. ನನ್ನ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದರು.

ಈಗ ಯಜಮಾನರು ಏನನ್ನೂ ಸೇದುವುದಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ? ಸಂಜೆ ಆಯಿತೆಂದರೆ ಓಣಿಯ ತುದಿಯ ಗಾಡಿಗೆ ಹೋಗಿ ಮಂಡಕ್ಕಿ, ಮಿರ್ಚಿ ತಿನ್ನುವ ಅಭ್ಯಾಸ ಹತ್ತಿದೆ. ಹೊಟ್ಟೆ ಮುಂದೆ ಬಂದಿದೆ. ಆ ಗಾಡಿಯವನು ಎಣ್ಣೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಾನೋ ಎಂಬ ಚಿಂತೆ ನನಗೆ ಹೊಸದಾಗಿ ಅಂಟಿಕೊಂಡಿದೆ. ರಾಡಿಯಂಥ ಎಣ್ಣೆ, ಅದರಲ್ಲಿ ಗಂಡ, ಗಂಡನ ಎದೆ, ಎದೆಯ ನಾಳಗಳು. ಚಿಂತೆಯ ಅಳತೆಯಲ್ಲಿ ಏನೂ ಕಡಿಮೆಯಾಗಿಲ್ಲ. ಆದರೂ ಒಂದು ಸುಖವಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಮೊನ್ನೆ ಅವರು ಚಪ್ಪಲಿ ಮೆಟ್ಟಿ ಹೊರಟರು. ನಾನು ಬಾಗಿಲಿಗೆ ಬಂದು, ಸೆರಗು ಸಿಕ್ಕಿಸಿ, ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆ:

"ಎರಡ ತಿನ್ರಿ! ಮೂರನೇದು ತಿಂದ್ರ ಮನಿಗೆ ಬರಬ್ಯಾಡ್ರಿ!"

ಗಂಗಮ್ಮ ಕಟ್ಟೆಯಿಂದ ನಕ್ಕು, "ನಮ್ಮವ್ರಿಗೂ ಒಂದೀಟು ಕೂಗ್ರಿ ಅಕ್ಕೋರ, ಅಲ್ಲೇ ಅದಾರ" ಅಂದಳು. ನಾನು ಅವರ ಹೆಸರನ್ನೂ ಸೇರಿಸಿ, ಇನ್ನಷ್ಟು ಗಟ್ಟಿಯಾಗಿ, ಮತ್ತೊಮ್ಮೆ ಕೂಗಿದೆ.